ಗೌಡರ ಬೆರಳಿಗೆ ಬಗ್ಗದ ಗಾಜು

ಭಾರತದಲ್ಲಿ ಮೊಟ್ಟಮೊದಲು ಗಾಡಿಗೆ ಕಂಪ್ಯೂಟರ್ ಕೂಡಿಸಿದವನು ನಾನೇ. ಸುಳ್ಳು ಬಿಡ್ರಿ, ಕಿತ್ತೂರಿನಲ್ಲೇ ನಾನು ಎರಡನೆಯವನು. ಚಾ ಕುಡೀತಾ ಕೇಳ್ರಿ.

ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಗೌಡರೊಬ್ಬರಿಗೆ ಜೀಪಿನಲ್ಲಿ ಕಂಪ್ಯೂಟರ್ ಬೇಕಾಗಿತ್ತು. ಆರಿಸಿಕೊಳ್ಳಲಿ ಎಂದು ಅಂಗೈಯಗಲದ ಎರಡು ಟಚ್‌ಸ್ಕ್ರೀನ್ ಒಯ್ದಿದ್ದೆ. ಒಂದನ್ನು ಒತ್ತಬೇಕು. ಇನ್ನೊಂದು ಗಾಜಿನದು, ಬೆರಳು ಸೋಕಿದರೆ ಸಾಕು. ಗೌಡರ ಕಣ್ಣು ಹೊಳೆಯುವ ಗಾಜಿನ ಮೇಲೆಯೇ ಬಿತ್ತು. ಅದನ್ನೇ ಮೊದಲು ಜೋಡಿಸಿದೆ. ಸವದತ್ತಿಯಲ್ಲಿ ಜವಳಿ ಅಂಗಡಿ ಇಟ್ಟ ಹೊಸ ಬೀಗರನ್ನು ಅವರು ಪಕ್ಕಕ್ಕೆ ಕೂರಿಸಿಕೊಂಡರು.

"ನೋಡ್ರಿ ಬೀಗರ, ಬೆರಳ ಇಟ್ಟರ ಹಾಡ ಹೇಳತೈತಿ."

ಬೆರಳಿಟ್ಟರು. ಹಾಡಲಿಲ್ಲ. ಕುಡಗೋಲು ಹಿಡಿದು ದಡ್ಡುಗಟ್ಟಿದ ಆ ಬೆರಳನ್ನು ಗಾಜು ಲೆಕ್ಕಕ್ಕೇ ಹಿಡಿಯಲಿಲ್ಲ.

"ಗಾಡಿ ನಿಮ್ಮದ ಹೌದಿಲ್ಲರಿ, ಗೌಡ್ರ?" ಎಂದರು ಬೀಗರು.

ಗೌಡರ ಮುಖ ಕೆಂಪಾಯಿತು. ಬೀಗರ ಮುಂದೆ ಹೀಗಾದರೆ ಯಾರಿಗಾದರೂ ಕಷ್ಟವೇ. ನಾನು ಗಂಭೀರವಾಗಿ ಹೇಳಿದೆ: "ಈ ಗಾಜು ಮೈಗಳ್ಳರ ಬೆರಳಿಗೆ ಅಷ್ಟ ಹಾಡತೈತ್ರಿ."

"ಹೌದಾ? ಬೀಗರ, ನೀವೊಮ್ಮೆ ಮುಟ್ರಿ!"

ಬೀಗರು ಕೈ ಹಿಂದಕ್ಕೆಳೆದುಕೊಂಡರು. ಗೌಡರು ಬಿಡಲಿಲ್ಲ, ಹಿಡಿದು ಮುಟ್ಟಿಸಿದರು. ಜೀಪಿನ ತುಂಬ ಹಾಡು.

"ಒತ್ತೂದನ್ನ ಕೂಡಸು," ಗೌಡರು ಹಿಗ್ಗಿದರು. "ಗಾಜಿಂದು ಬೀಗರಿಗೆ ಇರಲಿ." ಆಮೇಲೆ ನನ್ನ ಕಡೆ ತಿರುಗಿದರು. "ಎಲ್ಲಿ, ನೀನೂ ಮುಟ್ಟ ನೋಡೂಣು."

ನಾನಿನ್ನೂ ಬೆರಳು ಚಾಚುತ್ತಿದ್ದೆ, ಮುಟ್ಟಿರಲಿಲ್ಲ. ಎರಡನೆಯ ಹಾಡು ಶುರುವಾಗಿಬಿಟ್ಟಿತು.

ಇಂಥಾ ಬೆರಳು ಕಿಸೆಯೊಳಗ ಹೋದರೂ ಏನೂ ಹೊರಗ ತರೂದಿಲ್ಲ ನೋಡ್ರಿ. ಚಾದ ರೊಕ್ಕ ನೀವ ಕೊಟ್ಟಬಿಡ್ರಿ.