ಹೆಳವನ ಪುಸ್ತಕದಲ್ಲಿ ಮುತ್ತಜ್ಜ

ನಾಲ್ಕೈದು ವರ್ಷಕ್ಕೊಮ್ಮೆ ನಮ್ಮ ಮನೆಗೆ ಹೆಳವ ಬರುತ್ತಿದ್ದ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವುದೇ ಅವನ ಕಾಯಕ. ಕಟ್ಟೆಯ ಮೇಲೆ ಕೂತು ತಲೆತಲಾಂತರದವರ ಹೆಸರು ಹಾಡಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಜೋಳ ಕೊಟ್ಟರೆ ಹರಸಿ ಹೋಗುತ್ತಿದ್ದ. ಕಳೆದ ಸಲ ಬಂದಾಗ ನಾನು ದೊಡ್ಡ ಮನುಷ್ಯನಂತೆ, “ಸತ್ತವರ ಹೆಸರು ತಗೊಂಡು ಏನ್ ಮಾಡೂದೈತಿ?” ಎಂದು ಬಾಗಿಲಿನಿಂದಲೇ ಸಾಗಹಾಕಿದ್ದೆ.

ಈ ವರ್ಷ ಮಗಳು ತನ್ನ ಜೊತೆ ಕೆಲಸ ಮಾಡುವ ತಂಬೂರ ಎಂಬ ಊರಿನ ಹುಡುಗನನ್ನು ಮೆಚ್ಚಿದಳು. ನಮಗೂ ಒಪ್ಪಿಗೆಯಾಯಿತು. ಜವಳಿಯ ಮಾತು ನಡೆದಿರುವಾಗ ನಮ್ಮ ದೊಡ್ಡಪ್ಪ ಎಲೆಅಡಿಕೆ ಮೆಲ್ಲುತ್ತ, “ತಮ್ಮಾ, ನಮ್ಮ ಮುತ್ಯಾ ಅವರ ಮನ್ಯಾಗ ಬೆಳದಾಂವ. ಅವರು ನಮಗ ಅಣ್ಣತಮ್ಮರು ಆಗಬೇಕು ನೋಡು” ಎಂದರು. ಅವರ ಮುತ್ಯಾ, ಅಂದರೆ ಅಜ್ಜ, ನನಗೆ ಮುತ್ತಜ್ಜ. ಅಣ್ಣತಮ್ಮರು ಎಂದರೆ ಬೆಡಗು, ಅಂದರೆ ಕುಲದ ಬಳ್ಳಿ, ಒಂದೇ. ಒಂದೇ ಬೆಡಗಿನ ಹುಡುಗ ಹುಡುಗಿ ನಮ್ಮಲ್ಲಿ ಅಣ್ಣತಂಗಿ. ಮದುವೆಯ ಮಾತೇ ಇಲ್ಲ. ನಮ್ಮ ಬೆಡಗು ಯಾವುದೆಂದು ನನಗೆ ನೆಟ್ಟಗೆ ಗೊತ್ತಿರಲಿಲ್ಲ, ಹುಡುಗನ ಅಪ್ಪನಿಗೂ ಗೊತ್ತಿರಲಿಲ್ಲ. ಇಬ್ಬರೂ ಸಾಲಿ ಕಲಿತ ಶಾಣ್ಯಾರು! ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೆಳವ ಬಮ್ಮಿಗಟ್ಟಿಯ ಹತ್ತಿರ ಬಿಡಾರ ಹೂಡಿದ್ದಾನೆಂದು ತಿಳಿದು ಬೈಕ್ ಹತ್ತಿದೆ. ನನ್ನನ್ನು ನೋಡಿದವನೇ ನಕ್ಕ.

“ಸತ್ತವರು ಈಗ ಬೇಕಾದ್ರೇನ್ರಿ ಯಜಮಾನ್ರ?”

ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ, ತಲೆ ತಗ್ಗಿಸಿ ವಿಷಯ ಹೇಳಿದೆ. ಅವನು ಬಟ್ಟೆಯ ಗಂಟು ಬಿಚ್ಚಿ, ದಪ್ಪ ಪುಸ್ತಕ ತೆರೆದು, ಬೆರಳಿಟ್ಟು ಓದುತ್ತ ಹೋದ. ತಾಯಿತಂದೆ ಇಲ್ಲದ ಮುತ್ತಜ್ಜನನ್ನು ಅವನ ಅಕ್ಕ ತನ್ನ ಗಂಡನ ಮನೆಗೆ ಕರೆದೊಯ್ದು ಸಾಕಿದ್ದಳಂತೆ. ಅದೇ ತಂಬೂರದ ಆ ಮನೆ.

“ಅಕ್ಕನ ಗಂಡನ ಮನಿಯವರು ಅಣ್ಣತಮ್ಮರು ಹೆಂಗ ಆಗತಾರ್ರಿ? ಅವರು ನಿಮಗ ಬೀಗರು. ಬೆಡಗೂ ಬ್ಯಾರೆ. ಅಗದಿ ಜೋರಲೆ ಮದುವಿ ಮಾಡ್ರಿ” ಅಂದ.

ಹೋದ ಜೀವ ಬಂದಂತಾಯಿತು. ವಯಸ್ಸಿನಲ್ಲಿ ನನಗಿಂತ ಚಿಕ್ಕವನಾದರೂ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿಬಿಟ್ಟೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ದೇವರ ಮುಂದೆ ಸಕ್ಕರೆ ಇಟ್ಟಳು. ದೊಡ್ಡಪ್ಪ ತಾವು ಏನೂ ಅಂದೇ ಇಲ್ಲವೆಂಬಂತೆ ಚಹಾ ಕೇಳಿದರು. ಮಗಳು ಅತ್ತಳು, ನಕ್ಕಳು, ಆಮೇಲೆ ನನ್ನ ಮುಖ ನೋಡಿ ಕೇಳಿದಳು.

“ಅಪ್ಪಾ, ಬೆಡಗು ಒಂದ ಅಂತ ಬಂದಿದ್ರ ಏನ್ ಮಾಡ್ತಿದ್ದಿ?”

ಅದಕ್ಕೆ ಉತ್ತರ ಹುಡುಕುವ ಪ್ರಸಂಗ ಬರಲಿಲ್ಲವಲ್ಲ ಎಂದು ನೆಮ್ಮದಿಯ ನಿಟ್ಟುಸಿರು ಬಿಟ್ಟೆ. ಅದು ಅವಳಿಗೆ ಕೇಳಿಸಿತು.