ಶೋರೂಮಿನ ಗೋಡೆಯಲ್ಲಿ ನನ್ನ ಫೋಟೋ

“ಸರ್, ಈ ಫೋಟೋ ತೆಗೆಯುವುದಾ, ಇರಲಿಯಾ?”

ಮೂಡುಬಿದಿರೆಯ ಕಾರ್ ಶೋರೂಮಿನ ಹುಡುಗಿ ಗೋಡೆ ತೋರಿಸಿ ಕೇಳಿದಳು. ಗೋಡೆಯಲ್ಲಿದ್ದದ್ದು ನಾನೇ. ಹೊಸ ಎಲೆಕ್ಟ್ರಿಕ್ ಕಾರಿಗೆ ಹಲ್ಲು ಕಿರಿದುಕೊಂಡು ಮುಂಗಡ ಕೊಡುತ್ತಿರುವ ನಾನು. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಮೊದಲ ಗ್ರಾಹಕರು, ನಿವೃತ್ತ ವಿಜ್ಞಾನ ಶಿಕ್ಷಕರು, ಅಂಕಣಕಾರರು’. ಆ ದಿನ ನಾನು ಹೋಗಿದ್ದದ್ದು ಅದೇ ಬುಕಿಂಗ್ ಕ್ಯಾನ್ಸಲ್ ಮಾಡಿ ಮುಂಗಡ ವಾಪಸ್ ಪಡೆಯಲಿಕ್ಕೆ.

“ಇರಲಿ ಬಿಡಮ್ಮ” ಅಂದೆ.

ಯಾಕೆ ಹಾಗೆ ಅಂದೆ? ಫೋಟೋದಲ್ಲಿ ಚೆನ್ನಾಗಿ ಬಂದಿದ್ದೆ. ಅಷ್ಟೇ. ಬೇರೆ ಕಾರಣ ಕೊಟ್ಟರೆ ಸುಳ್ಳಾಗುತ್ತದೆ.

ನೀವು ಮರೆತಿರಲಿಕ್ಕಿಲ್ಲ. ಕಾರು ಬುಕ್ ಮಾಡಿದ ವಾರ ಇದೇ ಅಂಕಣದಲ್ಲಿ ಎಷ್ಟು ಕೊಚ್ಚಿಕೊಂಡಿದ್ದೆ! ಪೆಟ್ರೋಲ್ ಬಂಕಿನವರು ಇನ್ನು ಬೇರೆ ವ್ಯಾಪಾರ ನೋಡಿಕೊಳ್ಳಲಿ ಅಂತ ಬರೆದಿದ್ದೆ. ನಮ್ಮವರಿಗೆ ಹೊಸದೆಂದರೆ ಹೆದರಿಕೆ ಅಂತ ಊರಿಗೆಲ್ಲ ಬುದ್ಧಿ ಹೇಳಿದ್ದೆ. (ಮೂವತ್ತು ವರ್ಷ ಮಡಂತ್ಯಾರಿನ ಆಸುಪಾಸಿನಲ್ಲಿ ಪಾಠ ಮಾಡಿದವನು. ಚಾಳಿ ಬಿಡುವುದಿಲ್ಲ.)

ಆಮೇಲೆ ಬಂಟ್ವಾಳದಿಂದ ಹೆಂಡತಿಯ ಅಣ್ಣ ಬಂದರು. ಚಹಾ ಕುಡಿಯುತ್ತಾ ಹೇಳಿದರು, “ನಿಮಗೆಂತ ಮರ್ಲಾ ಭಾವ, ಹುಚ್ಚಾ? ಎರಡು ವರ್ಷ ನಿಲ್ಲಿ. ಮೊದಲು ಬೇರೆಯವರು ತೆಗೊಂಡು ಓಡಿಸಿ ನೋಡಲಿ.”

ಬ್ಯಾಟರಿ ಕೈಕೊಟ್ಟರೆ? ಘಾಟಿಯ ಮಧ್ಯೆ ಚಾರ್ಜ್ ಮುಗಿದರೆ? ರೀಸೇಲ್‌ಗೆ ಯಾರು ತಗೊಳ್ಳುತ್ತಾರೆ? ಚಹಾದ ಲೋಟ ಖಾಲಿಯಾಗುವಷ್ಟರಲ್ಲಿ ನನ್ನ ವಿಜ್ಞಾನ ಗಂಟುಮೂಟೆ ಕಟ್ಟಿತ್ತು. ಮರುದಿನವೇ ಮೂಡುಬಿದಿರೆಗೆ ಹೋಗಿ ಕ್ಯಾನ್ಸಲ್ ಮಾಡಿದೆ. ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆಯಲೂ ಇಲ್ಲ.

ಕೆಲವು ವಾರ ಕಳೆದು ಗುರುವಾಯನಕೆರೆಯ ಕಾರ್ ಸ್ಟ್ಯಾಂಡಿನಲ್ಲಿ ಹಮೀದ್ ಸಿಕ್ಕಿದ. ನನ್ನ ಹಳೆಯ ವಿದ್ಯಾರ್ಥಿ. ಇಪ್ಪತ್ತು ವರ್ಷದಿಂದ ಬಾಡಿಗೆ ಕಾರು ಓಡಿಸುತ್ತಿದ್ದ. ಗಲ್ಫಿನಿಂದ ಬರುವವರನ್ನು ಏರ್‌ಪೋರ್ಟಿನಿಂದ ಕರೆತರುತ್ತಿದ್ದ, ಕಾಯಿಲೆಯವರನ್ನು ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸುತ್ತಿದ್ದ. ಐದು ಜನರ ಮನೆ ನಡೆಯುತ್ತಿದ್ದದ್ದು ಆ ಒಂದು ಡೀಸೆಲ್ ಗಾಡಿಯಿಂದ.

“ಮಾಷ್ಟ್ರೇ, ನಾನೂ ಕರೆಂಟ್ ಕಾರು ಬುಕ್ ಮಾಡಿದೆ! ಶೋರೂಮಲ್ಲಿ ನಿಮ್ಮ ಫೋಟೋ ಉಂಟಲ್ಲ, ನೋಡಿದೆ. ನಮಗೆ ಸರ್ಕ್ಯೂಟ್ ಕಲಿಸಿದ ಮಾಷ್ಟ್ರೇ ತೆಗೊಳ್ತಾರೆ ಅಂದ ಮೇಲೆ ಹೆದರ್ಲಿಕ್ಕೆ ಎಂತ ಉಂಟು?”

(ಅವನು ನನ್ನ ಹತ್ತಿರ ಮಾತ್ರ ಕನ್ನಡ ಮಾತಾಡುವುದು. ಕ್ಲಾಸಿನಲ್ಲಿ ತುಳು, ಬ್ಯಾರಿ ಮಾತಾಡಿದವರಿಗೆ ಫೈನ್ ಹಾಕುತ್ತಿದ್ದವನು ನಾನೇ.)

ಹಳೆ ಗಾಡಿ ನೋಡಲು ನಾಳೆ ಚಾರ್ಮಾಡಿಯಿಂದ ಒಂದು ಪಾರ್ಟಿ ಬರುತ್ತದೆ, ರೇಟ್ ಕುದುರಿದರೆ ಕೊಟ್ಟುಬಿಡುತ್ತೇನೆ ಅಂದ. ಹೊಸ ಕಾರು ತಿಂಗಳೊಳಗೆ ಬರುತ್ತದೆಂದು ಅವನಿಗೆ ಹೇಳಿದ್ದರಂತೆ. ಆಮೇಲೆ ಕೇಳಿದ, “ನಿಮ್ಮದು ಯಾವಾಗ ಬರ್ತದೆ ಮಾಷ್ಟ್ರೇ?”

ಬಾಯಿ ಬಿಡಬೇಕಿದ್ದದ್ದು ಆಗಲೇ. ಒಂದೇ ವಾಕ್ಯ ಸಾಕಿತ್ತು. ಆದರೆ ಸುತ್ತ ನಾಲ್ಕು ಮಂದಿ ಡ್ರೈವರುಗಳು ಗೌರವದಿಂದ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

“ಬರ್ತದೆ, ಬರ್ತದೆ. ನೋಡುವ” ಅಂದೆ.

ಮರುದಿನ ಅವನ ಗಾಡಿ ಹೋಯಿತು. ಹೊಸದು ಬರಲಿಲ್ಲ. ಈಗ ಮೂರು ತಿಂಗಳಾಯಿತು. ಬ್ಯಾಟರಿ ಸಪ್ಲೈ ಇಲ್ಲವಂತೆ, ಮುಂದಿನ ಲಾಟಿನಲ್ಲಿ ಕೊಡುತ್ತಾರಂತೆ. ಶೋರೂಮಿನ ಹೊರಗೆ ಮಾತ್ರ ‘ಭರ್ಜರಿ ಬುಕಿಂಗ್’ ಅಂತ ಬ್ಯಾನರ್ ಇದೆ. ಆ ಭರ್ಜರಿಯಲ್ಲಿ ಫೋಟೋಕ್ಕೆ ನಿಂತು ಹಿಂದಿನ ಬಾಗಿಲಿನಿಂದ ಜಾರಿಕೊಂಡವರು ಎಷ್ಟು? ಅವರ ಫೋಟೋ ನೋಡಿ ದುಡಿದ ದುಡ್ಡು ಕಟ್ಟಿದವರು ಎಷ್ಟು? ಎಲೆಕ್ಟ್ರಿಕ್ ಕಾರಿಗೆ ಭಾರೀ ಡಿಮ್ಯಾಂಡ್ ಅಂತ ಪೇಪರಿನಲ್ಲಿ ಓದುವಾಗ ಈಗ ನನಗೆ ಒಳಗೊಳಗೇ ಕಸಿವಿಸಿ.

ಕಳೆದ ಬುಧವಾರ ಮಡಂತ್ಯಾರಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದೆ. ಕೋಳಿ ಸಾಗಿಸುವ ಪಿಕಪ್ ಒಂದು ಪಕ್ಕಕ್ಕೆ ಬಂದು ನಿಂತಿತು. ಓಡಿಸುತ್ತಿದ್ದವನು ಹಮೀದ್. ಗಾಡಿ ಬೇರೆ ಯಾರದೋ, ಇವನಿಗೆ ದಿನಗೂಲಿ.

“ಹತ್ತಿ ಮಾಷ್ಟ್ರೇ. ಸ್ವಲ್ಪ ವಾಸನೆ ಉಂಟು, ಅಡ್ಜಸ್ಟ್ ಮಾಡಿ” ಅಂತ ಹೆಗಲ ಮೇಲಿನ ಬೈರಾಸು ಟವೆಲಿನಲ್ಲಿ ಸೀಟು ಒರೆಸಿದ.

ಗುರುವಾಯನಕೆರೆ ದಾಟುವವರೆಗೆ ಕೋಳಿಯ ರೇಟು ಕೇಳುತ್ತಾ ಹೊತ್ತು ಕಳೆದೆ. ಆಮೇಲೆ ತಡೆಯಲಾಗಲಿಲ್ಲ. “ಹಮೀದ್, ನಾನು ಆ ಕಾರು ತೆಗೊಳ್ಳುವುದಿಲ್ಲ ಮಾರಾಯ. ಕ್ಯಾನ್ಸಲ್ ಮಾಡಿದ್ದೇನೆ. ನೀನು ಬುಕ್ ಮಾಡುವ ಮೊದಲೇ.”

“ಗೊತ್ತುಂಟು ಮಾಷ್ಟ್ರೇ” ಅಂದ, ರಸ್ತೆ ನೋಡುತ್ತಲೇ. “ಡೆಲಿವರಿ ಕೇಳ್ಲಿಕ್ಕೆ ಹೋದಾಗ ಶೋರೂಮಿನವರು ಹೇಳಿದ್ರು.”

“ಮತ್ತೆ ನನ್ನ ಹತ್ರ ಯಾಕೆ ಕೇಳ್ಲಿಲ್ಲ ನೀನು?”

“ನಿಮ್ಮ ಹತ್ರ ಹೇಗೆ ಕೇಳುವುದು?” ಗೇರ್ ಬದಲಿಸುತ್ತಾ ಹೇಳಿದ, “ಸ್ಟ್ಯಾಂಡಲ್ಲಿ ಯಾರಿಗೂ ಹೇಳ್ಲಿಲ್ಲ ಆಯ್ತಾ. ಮಾಷ್ಟ್ರ ಕಾರು ಮುಂದಿನ ಲಾಟಲ್ಲಿ ಬರ್ತದೆ ಅಂತಲೇ ಹೇಳಿದ್ದೇನೆ.”

ಅಯ್ಯೋ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗಾಡಿ ಕಳೆದುಕೊಂಡವನು ಅವನು. ಮೇಲಿಂದ ನನ್ನ ಮರ್ಯಾದೆಯನ್ನೂ ಅವನೇ ಕಾಯುತ್ತಿದ್ದ, ಅದೂ ಸುಳ್ಳು ಹೇಳಿ! 

ಬೆಳ್ತಂಗಡಿಯಲ್ಲಿ ಇಳಿಯುವಾಗ ಅವನೇ ಸಮಾಧಾನ ಹೇಳಿದ. “ನನ್ನದು ಬರ್ಲಿ ಮಾಷ್ಟ್ರೇ. ನಿಮ್ಮನ್ನು ಕೂರಿಸಿ ಘಾಟಿ ಹತ್ತಿಸ್ತೇನೆ. ಹೇಗೆ ಓಡ್ತದೆ ನೋಡಿ, ಮತ್ತೆ ಬೇಕಾದ್ರೆ ತೆಗೊಳ್ಳಿ.”

ನಿನ್ನೆ ಮೂಡುಬಿದಿರೆಗೆ ಹೋಗಿ ಆ ಫೋಟೋವನ್ನು ನಾನೇ ಇಳಿಸಿದೆ. ಈ ಅಂಕಣವನ್ನು ಕಾರ್ ಸ್ಟ್ಯಾಂಡಿನಲ್ಲಿ ಓದುತ್ತಾರೆಂದು ಗೊತ್ತಿದ್ದೇ ಇಷ್ಟು ಬರೆದಿದ್ದೇನೆ. ಹಮೀದ್ ನನಗಾಗಿ ಇನ್ನು ಸುಳ್ಳು ಹೇಳುವುದು ಬೇಡ.

ಮೊದಲು ಬೇರೆಯವರು ಓಡಿಸಿ ನೋಡಲಿ ಅಂತ ಭಾವ ಹೇಳಿದಾಗ, ಆ ಬೇರೆಯವರು ಯಾರು ಅಂತ ನಾನು ಯಾಕೆ ಕೇಳಲಿಲ್ಲ?