ನಿಂತ ಗಾಡಿ, ನಿಲ್ಲದ ನೀರು

ಮೂವತ್ತೊಂದು ವರ್ಷ ಮುಂಬೈಯ ವಡಾಲದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಜಡತ್ವದ ಪಾಠ ಹೇಳಿದವಳು ನಾನು. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ. ರಟ್ಟನ್ನು ಫಟ್ಟನೆ ಚಿಮ್ಮಿದರೆ ನಾಣ್ಯ ಲೋಟದೊಳಗೆ ಟಣ್! ಮಕ್ಕಳು ಚಪ್ಪಾಳೆ ತಟ್ಟುವರು, ನಾನು ಬೀಗುವೆ. ಇಷ್ಟೆಲ್ಲ ಮಾಡಿಯೂ ಶೆಟ್ಟೆಪ್ಪನ ವಿಷಯದಲ್ಲಿ ನಾನು ಶುದ್ಧ ದಡ್ಡಿಯಾದೆ. ಅದನ್ನು ಮುಚ್ಚಿಟ್ಟು ಅವನ ಕಥೆ ಹೇಳುವುದು ಸರಿಯಲ್ಲ.

ಶೆಟ್ಟೆಪ್ಪ ನೀರಿನ ಟ್ಯಾಂಕರ್ ಡ್ರೈವರ್. ಇಂಡಿ ಕಡೆಯವನು, ಮುಂಬೈಗೆ ಬಂದು ಇಪ್ಪತ್ತಾರು ವರ್ಷ. ಅವನ ಹೆಂಡತಿ ಮಹಾದೇವಿ ಚೆಂಬೂರಿನ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಬೇಸಿಗೆಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಗೆ ನೀರು ತರುವವನೂ ಅವನೇ. ಮಾತು ಕಡಿಮೆ, ಜಗಳ ಇಲ್ಲವೇ ಇಲ್ಲ. ನೀರಿನ ವಿಷಯಕ್ಕೆ ಬಂದರೆ ಮಾತ್ರ ಮಹಾ ಜಿಪುಣ. ಬಾಯಿ ಮುಕ್ಕಳಿಸಿದರೂ ಗಿಡದ ಬುಡ ಹುಡುಕಿ ಉಗುಳುವ ಮನುಷ್ಯ.

ಟ್ಯಾಂಕರಿನವರಲ್ಲಿ ಒಂದು ನೇಮವಿದೆ. ಗಿರಾಕಿ ಅರ್ಧ ನೀರು ಮಾತ್ರ ತೆಗೆದುಕೊಂಡರೆ ಉಳಿದರ್ಧವನ್ನು ಗಟಾರಕ್ಕೆ ಬಿಟ್ಟು ಖಾಲಿ ಗಾಡಿ ಒಯ್ಯಬೇಕು. ಅರ್ಧ ತುಂಬಿದ ಟಾಕಿ ಪನೌತಿ, ಅಪಶಕುನ ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕುಡಿಯುವ ನೀರನ್ನು ಗಟಾರಕ್ಕೆ ಬಿಡುವ ಈ ನೇಮ ಕಂಡರೆ ಶೆಟ್ಟೆಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ಮಾರ್ಚಿನಲ್ಲಿ ಒಂದು ದಿನ ನಮ್ಮ ಸೊಸೈಟಿಯ ತೊಟ್ಟಿ ಅರ್ಧ ಟ್ಯಾಂಕರಿಗೇ ತುಂಬಿತು. ಶೆಟ್ಟೆಪ್ಪ ಉಳಿದ ನೀರು ಚೆಲ್ಲಲಿಲ್ಲ. ಹಾಗೆಯೇ ಗಾಡಿ ತಿರುಗಿಸಿ ಗೇಟಿನ ಕಡೆ ಹೊರಟ. ನಮ್ಮ ಗೇಟಿನದು ಇಳಿಜಾರು, ಟ್ಯಾಂಕರುಗಳ ನೀರು ಸೋರಿ ಸದಾ ಒದ್ದೆ. ಗೇಟಿನ ಪಕ್ಕ ಮಲ್ಲಕ್ಕ ಸೊಪ್ಪು ಮಾರುತ್ತ ಕೂತಿರುತ್ತಾಳೆ. ಅವತ್ತು ಗೇಟಿನ ಹತ್ತಿರ ಬಂದ ಗಾಡಿ ನಿಂತಿತು. ಆಮೇಲೆ ಒಳಗೆಲ್ಲೋ ಢಬ್ ಎಂದು ಸದ್ದಾಗಿ ಎರಡಡಿ ಮುಂದಕ್ಕೆ ಬಂದುಬಿಟ್ಟಿತು. ಮಲ್ಲಕ್ಕನ ಬುಟ್ಟಿ ಚಕ್ರದಡಿ ಅಪ್ಪಚ್ಚಿ. ಅವಳ ಪಾದಕ್ಕೂ ಚಕ್ರಕ್ಕೂ ಒಂದು ಗೇಣು ಉಳಿದಿತ್ತು. ದೇವರು ದೊಡ್ಡವನು, ಹೆಣ್ಣುಮಗಳಿಗೆ ಏನೂ ಆಗಲಿಲ್ಲ.

"ನಾ ಬ್ರೇಕ್ ಒತ್ತೀನ್ರಿ. ಗಾಡಿ ನಿಂತಿತ್ರಿ. ಆಮ್ಯಾಲ ತಾನ ಮುಂದ ಹೋತು," ಎಂದ ಶೆಟ್ಟೆಪ್ಪ. ಯಾರು ನಂಬುತ್ತಾರೆ? ನಿಂತ ಗಾಡಿ ತಾನಾಗಿ ಹೋಗುವುದುಂಟೇ? ಮಾಲೀಕ ಶಿವಪುತ್ರಪ್ಪ ಕೀಲಿ ಕಸಿದುಕೊಂಡು, "ನಿನ್ನ ಕಾಲು ಇನ್ನ ನಂಬೂ ಹಂಗಿಲ್ಲಪಾ. ಗಾಡಿ ತೊಳಕೊಂಡು ಇರು," ಎಂದು ಅವನನ್ನು ವಡಾಲದ ತನ್ನ ಯಾರ್ಡಿಗೆ ಹಾಕಿದ.

ನಾನಾದರೂ ಯೋಚಿಸಬೇಕಿತ್ತು. ಇಲ್ಲ! "ವಯಸ್ಸಾತಲ್ಲ ಮಹಾದೇವಿ, ಕಾಲು ಜಾರಿರಬೇಕು," ಎಂದು ಸಲೀಸಾಗಿ ಅಂದುಬಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವರು ಸುಳ್ಳು ಹೇಳೂದಿಲ್ರಿ ಅಕ್ಕೋರ," ಎಂದಳು. "ಈಗ ಅವರಿಗೇ ತಮ್ಮ ಕಾಲಿನ ಮ್ಯಾಲ ಸಂಶೇ ಬಂದೈತ್ರಿ. ಉಣ್ಣಾಕ ಕುಂತಾಗೂ ಬಲಗಾಲಲೆ ನೆಲ ಒತ್ತಿ ಒತ್ತಿ ನೋಡತಾರ."

 ಆ ಮಾತು ಕೇಳಿಯೂ ನನ್ನ ತಲೆ ಓಡಲಿಲ್ಲ, ನೋಡಿ.

ಹದಿನೈದು ದಿನದ ಮೇಲೆ ಶೆಟ್ಟೆಪ್ಪನೇ ನಮ್ಮ ಬಾಗಿಲಿಗೆ ಬಂದು ನಿಂತ. "ಅಕ್ಕೋರ, ನಮ್ಮ ಯಾರ್ಡಿಗೆ ಒಂದ್ಸಲ ಬರ್ರಿ. ನನ್ನ ಮಾತು ಸಾವಕಾರ್ರು ಕೇಳೂದಿಲ್ಲ. ಕಲಿತವರು ಒಬ್ಬರು ಜೋಡಿ ಇರಲಿ," ಎಂದ. ಹೋದೆ.

ಯಾರ್ಡಿನಲ್ಲಿ ನಾಲ್ಕು ಚಕ್ರದ ಒಂದು ಹಲಗೆಗಾಡಿ, ಅದರ ಮೇಲೆ ಅಡ್ಡ ಮಲಗಿಸಿ ಕಟ್ಟಿದ ಡ್ರಮ್ಮು. ಹಿಂದಿನ ದಿನ ಅದರಲ್ಲಿ ತೊಳೆಯುವ ನೀರು ಎಳೆದು ತರುವಾಗ ಅವನು ಗಾಡಿ ನಿಲ್ಲಿಸಿ, ಕೈ ಬಿಟ್ಟು ಈಚೆ ತಿರುಗಿದ್ದನಂತೆ. ಗಾಡಿ ಹಿಂದಿನಿಂದ ಬಂದು ಹಿಮ್ಮಡಿಗೆ ಬಡಿಯಿತಂತೆ. ನೆಲ ಸಪಾಟ, ಗಾಳಿ ಇಲ್ಲ, ದೂಡಿದವರಿಲ್ಲ.

ಶಿವಪುತ್ರಪ್ಪ ಚಹಾದ ಗ್ಲಾಸು ಹಿಡಿದು ನಿಂತಿದ್ದ. "ನೋಡ್ರಿ ಸಾವಕಾರ್ರ," ಎಂದ ಶೆಟ್ಟೆಪ್ಪ, ಖಾಲಿ ಡ್ರಮ್ಮಿನ ಗಾಡಿಯನ್ನು ದೂಡಿ ತಟ್ಟನೆ ಹಿಡಿದು ನಿಲ್ಲಿಸಿ ಕೈ ಬಿಟ್ಟ. ಗಾಡಿ ಅಲ್ಲೇ ನಿಂತಿತು. ಬಾಯಿಮಟ ನೀರು ತುಂಬಿ ಬಿರಡೆ ಹಾಕಿದ. ಈಗ ಗಾಡಿ ಹೊರಡಿಸುವಷ್ಟರಲ್ಲಿ ಅವನ ಕುತ್ತಿಗೆಯ ನರ ಉಬ್ಬಿದವು, ನಿಲ್ಲಿಸಲು ಮತ್ತೂ ಹೆಣಗಿದ. ಆದರೆ ನಿಂತ ಮೇಲೆ ಕೈ ಬಿಟ್ಟರೂ ಮಿಸುಕಲಿಲ್ಲ. ಮೂರನೆಯ ಸಲ ಅರ್ಧ ನೀರು ತೆಗೆದ. ದೂಡಿದ, ನಿಲ್ಲಿಸಿದ, ಕೈ ಬಿಟ್ಟ. ಡ್ರಮ್ಮಿನೊಳಗೆ ಗುಳುಂ ಎಂದಿತು. ಗಾಡಿ ಒಂದು ಮೊಳ ಮುಂದೆ ಉರುಳಿ ಹೋಗಿ ಶಿವಪುತ್ರಪ್ಪನ ಬೂಟಿಗೆ ತಾಗಿತು.

"ಗಾಡಿ ನಿಂತರ ನೀರು ಯಾಕ ನಿಲ್ಲಬೇಕ್ರಿ? ಅದಕ್ಕ ಯಾರು ಬ್ರೇಕ್ ಹಾಕ್ಯಾರ?" ಎಂದ ಶೆಟ್ಟೆಪ್ಪ. "ಓಡೂ ನೀರು ಓಡಿಕೋತನ ಮುಂದಿನ ಗ್ವಾಡಿಗಿ ಬಡೀತೈತಿ, ಗಾಡಿನ್ನ ದೂಡತೈತಿ. ನೆಲ ಹಸಿ ಇದ್ದರ ಬ್ರೇಕ್ ಹಿಡಿದ ಗಾಲಿನೂ ಜಾರತಾವ. ಟಾಕಿ ತುಂಬಿದ್ದರ ಅದಕ್ಕ ಓಡಾಕ ಜಾಗಾನ ಇರೂದಿಲ್ಲ."

"ಜಡತ್ವ!" ಎಂದು ನಾನು ಕೂಗಿಬಿಟ್ಟೆ.

ಅವನು ಬೆರಗಾಗಿ ನನ್ನನ್ನು ನೋಡಿದ. "ಇದಕ್ಕ ಹೆಸರೂ ಐತೇನ್ರಿ? ನಿಮಗ ಮೊದಲ ಗೊತ್ತಿತ್ತೇನ್ರಿ ಅಕ್ಕೋರ?"

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಗೊತ್ತಿತ್ತಪ್ಪಾ, ಪರೀಕ್ಷೆಗೆ ಬರೆಸುವಷ್ಟು ಗೊತ್ತಿತ್ತು. ನೀನು ನಿಜ ಹೇಳುತ್ತಿದ್ದೀ ಎನ್ನುವಷ್ಟು ಗೊತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ, "ತಪ್ಪಾತು ಶೆಟ್ಟೆಪ್ಪ" ಎಂದಷ್ಟೇ ಅಂದೆ.

ಶಿವಪುತ್ರಪ್ಪ ಕೆಟ್ಟವನಲ್ಲ. ಟ್ಯಾಂಕರಿನ ಆ ಹಳೆಯ ಟಾಕಿಯೊಳಗೆ ನೀರಿನ ಓಟ ತಡೆಯುವ ಅಡ್ಡ ತಗಡುಗಳು ತುಕ್ಕು ಹಿಡಿದು ಬಿದ್ದಿದ್ದವು. ಹೊಸವನ್ನು ಹಾಕಿಸುತ್ತೇನೆ ಎಂದ. ಕೀಲಿ ವಾಪಸು ಕೊಟ್ಟ. "ಅಲ್ಲೀಮಟ ಅರ್ಧ ಗಾಡಿ ಓಡಿಸಬ್ಯಾಡ. ಚೆಲ್ಲಿ ಬಾ. ತಿಳೀತಿಲ್ಲೋ?"

ಮರುದಿನವೇ ಶೆಟ್ಟೆಪ್ಪ ನಮ್ಮಲ್ಲಿಗೆ ನೀರು ತಂದ. ಟ್ಯಾಂಕರ್ ಕಂಡದ್ದೇ ತಡ, ಮಲ್ಲಕ್ಕ ಬುಟ್ಟಿ ಎತ್ತಿಕೊಂಡು ಗೋಡೆಯ ಮರೆಗೆ ಓಡಿದಳು. ಬಾಲ್ಕನಿಯಿಂದ ನಾನೂ ನೋಡಿದೆ, ಸ್ಟೀರಿಂಗ್ ಹಿಡಿದ ಅವನೂ ನೋಡಿದ. ಮುಖ ಸಣ್ಣದಾಯಿತು ಪಾಪ.

ಅವತ್ತೂ ತೊಟ್ಟಿ ಅರ್ಧ ಟ್ಯಾಂಕರಿಗೇ ತುಂಬಬೇಕೇ! ಶೆಟ್ಟೆಪ್ಪ ಪೈಪನ್ನು ಗಟಾರಕ್ಕೆ ಹಿಡಿದು ನಿಂತ. ವಾಲ್ವಿನ ಮೇಲೆ ಕೈ ಇಟ್ಟ. ತೆಗೆದ. ಮತ್ತೆ ಇಟ್ಟ. ಕೊನೆಗೆ ಪೈಪು ಅಲ್ಲೇ ಬಿಟ್ಟು ಗೋಡೆಯ ಮರೆಗೆ ಹೋದ.

"ತಂಗೀ, ನಿಮ್ಮ ಚಾಳಿಗೆ ನೀರು ಬರತಾವೇನು?"

"ಎಲ್ಲೀವು ತರತೀ ಅಣ್ಣಾ, ಮೂರು ದಿನಾತು ನಳ ಕೆಮ್ಮಾಕತ್ತಿ."

ಅವಳ ಚಾಳು, ಒತ್ತೊತ್ತಾದ ಸಾಲುಮನೆಗಳು, ನಮ್ಮ ಹಿಂದಿನ ಗೋಡೆಯಾಚೆಗೇ ಇದೆ. ಪೈಪು ಗೋಡೆ ಹತ್ತಿ ಆಚೆ ಇಳಿಯಿತು. ಕೊಡ, ಬಕೀಟು, ಬಣ್ಣದ ಡಬ್ಬಿ, ಒಂದು ಮನೆಯಿಂದಂತೂ ಕುಕ್ಕರ್ ಕೂಡ ಬಂತು. ಅರ್ಧ ಗಂಟೆಯಲ್ಲಿ ಟ್ಯಾಂಕರ್ ಖಾಲಿ, ಶಿವಪುತ್ರಪ್ಪನ ಮಾತೂ ಉಳಿಯಿತು.

ಶೆಟ್ಟೆಪ್ಪ ಗಾಡಿ ತಿರುಗಿಸಿದ. ಇಳಿಜಾರಿನ ಕೆಳಗೆ ಮಲ್ಲಕ್ಕ ಆಗಲೇ ತನ್ನ ಜಾಗಕ್ಕೆ ಬಂದು ಕೂತಿದ್ದಳು. ಅವನು ಮೇಲೆಯೇ ಗಾಡಿ ನಿಲ್ಲಿಸಿ, ಅವಳು ಏಳಲೆಂದು ಕಾದ. ಅವಳು ಏಳಲಿಲ್ಲ.

"ಬಾ ಅಣ್ಣಾ, ಬಾ," ಎಂದು ಕೈ ಬೀಸಿದಳು.

ಗಾಡಿ ಮೆಲ್ಲಗೆ ಇಳಿಯಿತು. ನಾನು ಬಾಲ್ಕನಿಯ ಸರಳು ಬಿಗಿಯಾಗಿ ಹಿಡಿದಿದ್ದೆ. ಗೇಟಿನ ಹತ್ತಿರ ಬಂದು ನಿಂತಿತು. ನಿಂತೇ ಇತ್ತು. ಮಲ್ಲಕ್ಕ ತಲೆ ಕೂಡ ಎತ್ತದೆ ಕೊತ್ತಂಬರಿ ಕಟ್ಟುತ್ತಿದ್ದಳು.